ಏಳನೇ ವಲಯದ ಮೂರು ಹೆಸರುಗಳು

ಮಾರ್ಚ್ 3, ಸೋಮವಾರ

ಇವತ್ತು ಬೆಳಿಗ್ಗೆ ಹತ್ತು ಗಂಟೆಗೆ ಏಳನೇ ವಲಯದಲ್ಲಿ ಮೂರು ಕಡೆ ಬಿಟ್ಟು ಉಳಿದೆಲ್ಲ ಕಡೆ ನೀರು ನಿಲ್ಲಿಸಬೇಕಿತ್ತು. ನನ್ನ ಪ್ರೋಗ್ರಾಂ ಒಂದು ಕಡೆ ಬಿಟ್ಟು ಉಳಿದೆಲ್ಲ ಕಡೆ ನಿಲ್ಲಿಸಿತು. ಪ್ರೋಗ್ರಾಂನಲ್ಲಿ ದೋಷವಿಲ್ಲ.

ಈ ಕೊನೆಯ ವಾಕ್ಯವನ್ನು ಸಂಜೆ ವರದಿಯಲ್ಲೂ ಬರೆದುಕೊಟ್ಟು ಬಂದಿದ್ದೇನೆ.

ದಿನಚರಿ ಬರೆಯುವುದು ನನ್ನ ಆಸೆಯಲ್ಲ. ಬಿ.ಪಿ. ನೋಡುವ ಡಾಕ್ಟರು ಕಳೆದ ವಾರ, "ಮನಸ್ಸಲ್ಲಿರೋದನ್ನ ಯಾರ ಹತ್ರಾದ್ರೂ ಹೇಳ್ಕೊಳಿ ಮೇಡಂ, ಇಲ್ಲಾಂದ್ರೆ ಬರೆದಿಡಿ" ಎಂದರು. ಹೇಳಿಕೊಂಡರೆ ಎದುರಿನವರು ನಡುವೆ ಬಾಯಿ ಹಾಕುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ನೀರು ಸರಬರಾಜು ಕಚೇರಿ. ಊರನ್ನು ಹದಿನಾರು ವಲಯ ಮಾಡಿದ್ದಾರೆ. ಎಲ್ಲಾದರೂ ಪೈಪ್ ಒಡೆದರೆ ಆ ವಲಯದ ವಾಲ್ವುಗಳನ್ನೆಲ್ಲ ಕಂಟ್ರೋಲ್ ರೂಮಿನ ಕಂಪ್ಯೂಟರಿನಿಂದಲೇ ಮುಚ್ಚುತ್ತೇವೆ. ಆ ಪ್ರೋಗ್ರಾಂ ಒಂಬತ್ತು ವರ್ಷದ ಹಿಂದೆ ನಾನು ಬರೆದದ್ದು. ನೀರು ನಿಲ್ಲಿಸಲೇಬಾರದ ಜಾಗಗಳಿಗೆ ಇನ್ನೊಂದು ಪೈಪಿನಿಂದಲೂ ಸಂಪರ್ಕವಿದೆ. ಅವುಗಳ ಹೆಸರನ್ನು ಆಜ್ಞೆಯಲ್ಲಿ 'ಬಿಡು' ಎಂಬುದರ ಮುಂದೆ ಕೊಡಬೇಕು. ಹೀಗೆ:

ಮುಚ್ಚು --ವಲಯ 7 --ಬಿಡು ಡಯಾಲಿಸಿಸ್,ಶಾಲೆ,ಅಗ್ನಿಶಾಮಕ

ಹೆಸರುಗಳ ನಡುವೆ ಅಲ್ಪವಿರಾಮ. ಕೈಪಿಡಿಯ ಹದಿನಾಲ್ಕನೇ ಪುಟದಲ್ಲಿ ಇದೆ. ಕೈಪಿಡಿಯನ್ನೂ ನಾನೇ ಬರೆದಿದ್ದೇನೆ, ಅರವತ್ತೆರಡು ಪುಟ.

ಇವತ್ತು ಅಗ್ನಿಶಾಮಕ ಠಾಣೆಗೆ ಮಾತ್ರ ನೀರು ಹೋಯಿತು. ಶಾಲೆಯವರು ಮಕ್ಕಳನ್ನು ಮನೆಗೆ ಕಳಿಸಿದರು, ಮಕ್ಕಳು ದೂರು ಕೊಡಲಿಲ್ಲ. ಡಯಾಲಿಸಿಸ್ ಕೇಂದ್ರದಲ್ಲಿ ಹನ್ನೊಂದು ಜನ ಯಂತ್ರಕ್ಕೆ ಅಂಟಿಕೊಂಡು ಮಲಗಿದ್ದರು. ಟ್ಯಾಂಕಿನ ನೀರು ಅರ್ಧ ಗಂಟೆ ಬಂತು. ಆಮೇಲೆ ಎಲ್ಲರನ್ನೂ ಅರ್ಧಕ್ಕೇ ಬಿಡಿಸಿದರಂತೆ. ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರಿಗೆ ಉಸಿರು ಕಟ್ಟಿ ದೊಡ್ಡಾಸ್ಪತ್ರೆಗೆ ಒಯ್ದಿದ್ದಾರೆ.

ಆಜ್ಞೆ ಕೊಟ್ಟದ್ದು ನೀರಕ್ಕ. ಕಚೇರಿಯಲ್ಲಿ ಎಲ್ಲರೂ ಆಕೆಯನ್ನು ಹಾಗೇ ಕರೆಯುವುದು. ಗುತ್ತಿಗೆ ಕೆಲಸ. ಹನ್ನೊಂದು ವರ್ಷ ಬೀದಿಯಲ್ಲಿ ವಾಲ್ವ್ ತಿರುಗಿಸಿ, ಮಂಡಿ ಸವೆಸಿಕೊಂಡು, ನಾಲ್ಕು ತಿಂಗಳ ಹಿಂದೆ ಕುರ್ಚಿಗೆ ಬಂದವರು. ಈ ತಿಂಗಳ ಕೊನೆಗೆ ಕಾಯಂ ಆಗುವವರ ಪಟ್ಟಿಯಲ್ಲಿ ಹೆಸರಿತ್ತು.

ಪ್ರೋಗ್ರಾಂನ ದಾಖಲೆ ತೆಗೆದು ನೋಡಿದೆ. 'ಬಿಡು: ಅಗ್ನಿಶಾಮಕ' ಎಂದಷ್ಟೇ ಇದೆ. ಒಂದೇ ಹೆಸರು ಕೊಟ್ಟಿದ್ದಾರೆ, ಒಂದೇ ಬಿಟ್ಟಿದೆ. ದೊಡ್ಡ ಇಂಜಿನಿಯರ್ ವರದಿ ಓದಿ, "ನಿಮ್ಮ ಪ್ರೋಗ್ರಾಂ ಬಗ್ಗೆ ನಂಗೆ ಯಾವತ್ತೂ ಅನುಮಾನ ಇರ್ಲಿಲ್ಲ ಬಿಡಿ" ಎಂದರು. ಬಿ.ಪಿ. 146/92.

ಮಾರ್ಚ್ 4, ಮಂಗಳವಾರ

ನೀರಕ್ಕ ನನ್ನ ಕೋಣೆಗೆ ಬಂದರು. ಕೂರಿ ಎಂದರೆ ಕೂರಲಿಲ್ಲ.

"ಮೇಡಂ, ನಾನು ಮೂರೂ ಟೈಪ್ ಮಾಡಿದೀನಿ."

"ದಾಖಲೇಲಿ ಒಂದೇ ಇದೆ."

"ಮೂರೂ ಮಾಡಿದೀನಿ. ಬಿಡು ಡಯಾಲಿಸಿಸ್. ಬಿಡು ಶಾಲೆ. ಬಿಡು ಅಗ್ನಿಶಾಮಕ."

ನನ್ನ ಕೈಯಲ್ಲಿದ್ದ ಪೆನ್ನು ನಿಂತಿತು. "ಒಂದೊಂದಕ್ಕೂ ಬೇರೆ ಬೇರೆ 'ಬಿಡು' ಹಾಕಿದ್ರಾ?"

"ಮತ್ತೆ? ಬೀದೀಲಿ ಹಂಗೇ ಅಲ್ವಾ ಮಾಡೋದು. ಮುಚ್ಚಬಾರದ ವಾಲ್ವಿಗೆ ಬಟ್ಟೆ ಚೂರು ಕಟ್ತೀವಿ. ಮೂರು ವಾಲ್ವ್ ಇದ್ರೆ ಮೂರು ಬಟ್ಟೆ. ಒಂದೇ ಬಟ್ಟೇಲಿ ಮೂರು ವಾಲ್ವ್ ಕಟ್ಟೋಕಾಗುತ್ತಾ ಮೇಡಂ?"

ಹದಿನಾಲ್ಕನೇ ಪುಟ ನೋಡಿ ಎಂದೆ. ಆಕೆ ತಲೆಯಾಡಿಸಿ ಹೋದರು. ಬಾಗಿಲಿನ ಹೊರಗೆ ಯಾರೋ, "ಏನಂದ್ರು ಪುಟ ಹದಿನಾಲ್ಕು?" ಎಂದು ಕೇಳಿದ್ದು ಕೇಳಿಸಿತು. ಅದು ನನ್ನ ಹೆಸರು ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಒಂಬತ್ತು ವರ್ಷದಿಂದ ಕರೆಯುತ್ತಿರಬಹುದು.

ನಾಲ್ಕು ತಿಂಗಳಲ್ಲಿ ಆಕೆಗೆ ಒಂದಕ್ಕಿಂತ ಹೆಚ್ಚು ಹೆಸರು ಬಿಡುವ ಪ್ರಸಂಗ ಬಂದಿದ್ದು ಇದೇ ಮೊದಲು. ಕುರ್ಚಿಗೆ ಬಂದ ದಿನ ತರಬೇತಿ ಕೊಡಬೇಕಾದವಳು ನಾನು. ಕೈಪಿಡಿ ಕೊಟ್ಟಿದ್ದೆ.

ಮಾರ್ಚ್ 5, ಬುಧವಾರ

ಪ್ರೋಗ್ರಾಂ ತೆರೆದು ನೋಡಿದೆ. ಸುಮ್ಮನೆ ನೋಡಿದೆ.

'ಬಿಡು' ಎಂದು ಬಂದ ಕೂಡಲೇ ಅದರ ಮುಂದಿರುವುದನ್ನು ತೆಗೆದು ಪಟ್ಟಿಯಲ್ಲಿ ಇಡುತ್ತದೆ. ಇನ್ನೊಂದು 'ಬಿಡು' ಬಂದರೆ ಹಳೆಯ ಪಟ್ಟಿಯನ್ನು ಬಿಸಾಕಿ ಹೊಸದನ್ನು ಇಡುತ್ತದೆ. ಮೂರನೆಯದು ಬಂದರೆ ಎರಡನೆಯದನ್ನೂ ಬಿಸಾಕುತ್ತದೆ. ಗಲಾಟೆ ಮಾಡುವುದಿಲ್ಲ, ಎಚ್ಚರಿಸುವುದಿಲ್ಲ. ಕೊನೆಗೆ ಕೈಯಲ್ಲಿ ಉಳಿದದ್ದನ್ನು ದಾಖಲೆಗೆ ಬರೆದು, ಉಳಿದ ವಾಲ್ವುಗಳನ್ನೆಲ್ಲ ಮುಚ್ಚುತ್ತದೆ. ಅಂದರೆ ದಾಖಲೆಯಲ್ಲಿರುವುದು ನೀರಕ್ಕ ಟೈಪ್ ಮಾಡಿದ್ದಲ್ಲ. ನನ್ನ ಪ್ರೋಗ್ರಾಂಗೆ ಅರ್ಥವಾದದ್ದು.

ಆ ಸಾಲಿನ ಪಕ್ಕದಲ್ಲಿ ಒಂದು ಟಿಪ್ಪಣಿ ಇದೆ: 'ಎರಡು ಸಲ ಕೊಟ್ಟರೆ? ಆಮೇಲೆ ನೋಡೋಣ.' ದಿನಾಂಕ ಒಂಬತ್ತು ವರ್ಷದ ಹಿಂದಿನದು. ಬರೆದವರು ನಾನು.

ಎದ್ದು ಹೋಗಿ ನೀರು ಕುಡಿದು ಬಂದೆ. ಟಿಪ್ಪಣಿ ಅಲ್ಲೇ ಇತ್ತು.

ಆದರೂ ನಿಯಮ ನಿಯಮವೇ. ಪುಟ ಹದಿನಾಲ್ಕು ಅಲ್ಪವಿರಾಮ ಹಾಕತಕ್ಕದ್ದು ಎನ್ನುತ್ತದೆ. ಹಾಕದಿದ್ದರೆ ಏನಾಗುತ್ತದೆ ಎಂದು ಹೇಳುವುದಿಲ್ಲ ನಿಜ. ಎಲ್ಲವನ್ನೂ ಹೇಳುತ್ತಾ ಕೂತರೆ ಅರವತ್ತೆರಡು ಪುಟದಲ್ಲಿ ಮುಗಿಯುತ್ತಿರಲಿಲ್ಲ.

ಮಾರ್ಚ್ 7, ಶುಕ್ರವಾರ

ಸರಿಪಡಿಸಿದೆ. ಎರಡು ದಾರಿಗಳಿದ್ದವು. ಎರಡನೇ 'ಬಿಡು' ಬಂದರೆ ತಪ್ಪು ಎಂದು ನಿಲ್ಲಿಸಿಬಿಡುವುದು, ಅಥವಾ ಹಳೆಯ ಪಟ್ಟಿಗೆ ಹೊಸ ಹೆಸರನ್ನು ಸೇರಿಸಿಕೊಳ್ಳುವುದು. ಸೇರಿಸಿಕೊಳ್ಳುವಂತೆ ಮಾಡಿದೆ. ಈಗ ಅಲ್ಪವಿರಾಮ ಹಾಕಿ ಕೊಟ್ಟರೂ ಸರಿ, ಒಂದೊಂದಾಗಿ ಕೊಟ್ಟರೂ ಸರಿ, ಎರಡನ್ನೂ ಬೆರೆಸಿ ಕೊಟ್ಟರೂ ಸರಿ. ನಾಲ್ಕು ಸಾಲು. ಹನ್ನೊಂದು ನಿಮಿಷ. ಒಂಬತ್ತು ವರ್ಷದಲ್ಲಿ ನನಗೆ ಹನ್ನೊಂದು ನಿಮಿಷ ಬಿಡುವು ಸಿಕ್ಕಿರಲಿಲ್ಲ.

ಬದಲಾವಣೆಯ ವಿವರ ಬರೆಯುವ ಜಾಗದಲ್ಲಿ 'ಸಣ್ಣ ತಿದ್ದುಪಡಿ' ಎಂದು ಬರೆದೆ. ದೊಡ್ಡ ಇಂಜಿನಿಯರಿಗೆ ಹೇಳಲಿಲ್ಲ. ಇಂಥದು ಮತ್ತೆ ನಡೆಯಬಾರದು ಎನ್ನುವುದು ಮುಖ್ಯ, ಯಾರಿಗೆ ಹೇಳಿದೆ ಎನ್ನುವುದಲ್ಲ.

ಪೋಸ್ಟ್‌ಮ್ಯಾನ್ ಮನೆಗೆ ಬಂದರಂತೆ. ದೇವರ ದಯೆ. ಬಿ.ಪಿ. 138/88, ಈ ವಾರದಲ್ಲೇ ಕಡಿಮೆ.

ಮಾರ್ಚ್ 9, ಭಾನುವಾರ

ಬೆಳಿಗ್ಗೆ ನಮ್ಮತ್ತೆ ತಮ್ಮ ಮಗನನ್ನು, ಅಂದರೆ ನಮ್ಮ ಯಜಮಾನರನ್ನು, ಅಂಗಡಿಗೆ ಕಳಿಸಿದರು. "ಸೋಪ್ ತಗೊಂಡ್ಬಾರೋ." ಇವರು ಚಪ್ಪಲಿ ಮೆಟ್ಟಿಕೊಂಡರು. "ಬಿಳಿ ದಾರ ತಗೊಂಡ್ಬಾ." ಮೆಟ್ಟಿಲು ಇಳಿದರು. ಅತ್ತೆ ಕಿಟಕಿಗೆ ಬಂದು ಬೀದಿಗೆಲ್ಲ ಕೇಳುವ ಹಾಗೆ, "ಬಚ್ಚಲಮನೆಗೊಂದು ಬಲ್ಬು ತಗೊಂಡ್ಬಾ!" ಎಂದರು.

ಇವರು ಮೂರನ್ನೂ ತಂದರು.

ನಾನು ಸೋಪು, ದಾರ, ಬಲ್ಬು ಮೂರನ್ನೂ ಮೇಜಿನ ಮೇಲಿಟ್ಟುಕೊಂಡು ನೋಡುತ್ತಾ ಕೂತಿದ್ದೆ. ಅತ್ತೆ, "ಏನಮ್ಮಾ, ಸೋಪ್ ಕಂಡಿಲ್ವಾ ನೀನು ಯಾವತ್ತೂ?" ಎಂದರು. ಮನುಷ್ಯರು ಬೇರೆ, ಪ್ರೋಗ್ರಾಂ ಬೇರೆ ಎಂದೆ. ಅತ್ತೆ ಮಗನ ಮುಖ ನೋಡಿದರು. ಇವರು ಬಲ್ಬು ಹಾಕಲು ಹೋದರು.

ಮಾರ್ಚ್ 11, ಮಂಗಳವಾರ

ಗುರುವಾರ ವಿಚಾರಣೆ. ಬೇರೆ ಇಲಾಖೆಯಿಂದ ವಿಚಾರಣಾಧಿಕಾರಿ ಬರುತ್ತಾರೆ. ನೀರಕ್ಕನನ್ನು ಅಲ್ಲಿಯವರೆಗೆ ಟಪಾಲು ವಿಭಾಗಕ್ಕೆ ಹಾಕಿದ್ದಾರೆ, ಲಕೋಟೆ ಅಂಟಿಸುವ ಕೆಲಸ. ತಪ್ಪು ಆಕೆಯದೆಂದು ತೀರ್ಮಾನವಾದರೆ ಕಾಯಂ ಪಟ್ಟಿಯಿಂದ ಹೆಸರು ಹೋಗುತ್ತದೆ, ಗುತ್ತಿಗೆಯೂ ಹೋಗುತ್ತದೆ.

ಸರಿಯಾಗಿ ಹೇಳಿದರೆ ಎಚ್ಚರಿಕೆ ಕೊಟ್ಟು ಬಿಡಬಹುದು. ಮೂರೂ ಟೈಪ್ ಮಾಡಿದೆ, ವಿಧಾನ ಬೇರೆಯಾಯಿತು ಎಂದು ಆಕೆಯೇ ಹೇಳುತ್ತಾರೆ. ನಾನು ಹೇಳಬೇಕಾದ್ದು ಏನೂ ಇಲ್ಲ.

ಮಾರ್ಚ್ 13, ಗುರುವಾರ

ಬಿ.ಪಿ. ನೋಡಿಕೊಳ್ಳಲಿಲ್ಲ.

ಸಭಾಕೊಠಡಿಯಲ್ಲಿ ವಿಚಾರಣಾಧಿಕಾರಿ, ಹೇಳಿಕೆ ಬರೆದುಕೊಳ್ಳಲು ಒಬ್ಬ ಟೈಪಿಸ್ಟ್, ದೊಡ್ಡ ಇಂಜಿನಿಯರ್, ನೀರಕ್ಕ, ನಾನು. ಅಧಿಕಾರಿ ಸಭ್ಯ ಮನುಷ್ಯ. ಪೆನ್ಸಿಲುಗಳನ್ನು ಉದ್ದದ ಪ್ರಕಾರ ಜೋಡಿಸಿಟ್ಟುಕೊಂಡು ಶುರುಮಾಡಿದರು. ಇಂಥವರನ್ನು ಕಂಡರೆ ನನಗೆ ಗೌರವ.

ನೀರಕ್ಕ ಆ ಸೋಮವಾರ ನಡೆದದ್ದನ್ನು ನಡೆದ ಹಾಗೆ ಹೇಳಿದರು. ಬಟ್ಟೆ ಚೂರಿನ ಮಾತನ್ನೂ ಹೇಳಿದರು. ಅಧಿಕಾರಿ ತಲೆಯಾಡಿಸಿ, "ಸರಿ, ನೀವು ಹೇಳೋದು ನಿಜಾನೋ ಅಲ್ವೋ ಅಂತ ಈಗಲೇ ನೋಡಿಬಿಡೋಣ. ಅವತ್ತು ಹೆಂಗೆ ಟೈಪ್ ಮಾಡಿದ್ರೋ ಹಂಗೇ ಇಲ್ಲಿ ಮಾಡಿ. ನಿಜವಾದ ವಾಲ್ವ್ ಮುಚ್ಚದ ಹಾಗೆ ಪರೀಕ್ಷೆ ಮಾಡ್ಬೋದಲ್ಲ ಮೇಡಂ?" ಎಂದು ನನ್ನನ್ನು ಕೇಳಿದರು.

ಮಾಡಬಹುದು ಎಂದೆ.

ನೀರಕ್ಕ ಎರಡು ಬೆರಳಲ್ಲಿ ಟೈಪ್ ಮಾಡಿದರು. ಬಿಡು ಡಯಾಲಿಸಿಸ್, ಬಿಡು ಶಾಲೆ, ಬಿಡು ಅಗ್ನಿಶಾಮಕ. ಆಗ ನನಗೆ ಹೊಳೆಯಿತು. ಇಷ್ಟು ದಿನ ಹೊಳೆದಿರಲಿಲ್ಲ, ಇದನ್ನು ಇಲ್ಲಿ ಪ್ರಾಮಾಣಿಕವಾಗಿ ಬರೆಯುತ್ತಿದ್ದೇನೆ.

ಪರದೆಯ ಮೇಲೆ ಬಂತು: 'ಬಿಡು: ಡಯಾಲಿಸಿಸ್, ಶಾಲೆ, ಅಗ್ನಿಶಾಮಕ.' ಮೂರೂ.

"ಮೂರೂ ಬಂತಲ್ಲಮ್ಮಾ" ಎಂದರು ಅಧಿಕಾರಿ, ಬೇಸರದಿಂದ. "ನೀವು ಹೇಳಿದ ಹಾಗೇ ಟೈಪ್ ಮಾಡಿದ್ರೆ ಮೂರೂ ಬರುತ್ತೆ. ಅವತ್ತು ದಾಖಲೇಲಿ ಒಂದೇ ಇದೆ. ಅಂದ್ರೆ ಅವತ್ತು ನೀವು ಒಂದೇ ಟೈಪ್ ಮಾಡಿದ್ರಿ."

ನೀರಕ್ಕ ಪರದೆಯನ್ನೇ ನೋಡುತ್ತಿದ್ದರು.

"ಮೇಡಂ, ಪ್ರೋಗ್ರಾಂ ಈಗ ಸರಿಯಾಗಿ ಕೆಲಸ ಮಾಡ್ತಿದೆಯಾ?" ಎಂದು ಅಧಿಕಾರಿ ಕೇಳಿದರು.

"ಮಾಡ್ತಿದೆ."

ಕೇಳಿದ್ದು ಈಗಿನ ಬಗ್ಗೆ. ಉತ್ತರ ನಿಜವೇ ಆಗಿತ್ತು. ಟೈಪಿಸ್ಟ್ ಬರೆದುಕೊಂಡ. 'ನಿರ್ವಾಹಕಿಯ ಹೇಳಿಕೆ ಪರೀಕ್ಷೆಯಲ್ಲಿ ಸುಳ್ಳೆಂದು ಕಂಡುಬಂದಿದೆ' ಎಂದು ಅಧಿಕಾರಿ ಅವನಿಗೆ ಹೇಳಿ ಬರೆಸಿದರು. ಮುಂದಿನ ಸಭೆ ಇಪ್ಪತ್ತನಾಲ್ಕಕ್ಕೆ, ಅಂದೇ ಕೊನೆಯದು.

ಹೊರಗೆ ಬಂದ ಮೇಲೆ ದೊಡ್ಡ ಇಂಜಿನಿಯರ್ ನನ್ನ ಬೆನ್ನು ತಟ್ಟುವವರ ಹಾಗೆ ಕೈಯೆತ್ತಿ, ನಾನು ಹೆಂಗಸೆಂದು ನೆನಪಾಗಿ ಗೋಡೆ ತಟ್ಟಿದರು.

ಮಾರ್ಚ್ 14, ಶುಕ್ರವಾರ

ರಜೆ ಹಾಕಿದೆ. ತಲೆನೋವು.

ಮಾರ್ಚ್ 17, ಸೋಮವಾರ

ಲೆಕ್ಕ ಹಾಕಿ ನೋಡಿದೆ. ನಾನು ದೋಷ ಮುಚ್ಚಿಡಲಿಲ್ಲ, ಸರಿಪಡಿಸಿದೆ. ಸರಿಪಡಿಸಿದ್ದರಿಂದಲೇ ಆಕೆ ಸುಳ್ಳಿಯಾದರು. ಸರಿಪಡಿಸದೆ ಇದ್ದಿದ್ದರೆ ಪರೀಕ್ಷೆಯಲ್ಲಿ ಒಂದೇ ಬರುತ್ತಿತ್ತು, ಆಕೆ ಪಾರಾಗುತ್ತಿದ್ದರು, ನಾನು ಸಿಕ್ಕಿಬೀಳುತ್ತಿದ್ದೆ. ಒಳ್ಳೆಯ ಕೆಲಸ ಮಾಡಿದ್ದಕ್ಕೇ ಹೀಗಾಯಿತು ಎಂದು ಬರೆಯಲು ಹೊರಟಿದ್ದೆ. ಬರೆದ ಮೇಲೆ ಓದಲು ಚೆನ್ನಾಗಿ ಕಾಣುವುದಿಲ್ಲ.

ಹಳೆಯ ಪ್ರತಿ ಇದೆ. ಎಲ್ಲ ಹಳೆಯ ಪ್ರತಿಗಳನ್ನೂ ದಿನಾಂಕದ ಸಮೇತ ಡಿಸ್ಕುಗಳಲ್ಲಿ ತುಂಬಿ ಬೀರುವಿನಲ್ಲಿ ಇಡುವ ಅಭ್ಯಾಸ ನನ್ನದು. ಆ ಬೀರುವಿನ ಬೀಗದ ಕೈ ನನ್ನ ಹತ್ತಿರ ಮಾತ್ರ ಇದೆ. ಬೇರೆ ಯಾರಿಗೂ ಅಲ್ಲಿ ನೋಡಬೇಕು ಎಂದು ಕೂಡ ಗೊತ್ತಿಲ್ಲ.

ಮಾರ್ಚ್ 18, ಮಂಗಳವಾರ

ಊಟದ ಹೊತ್ತಿಗೆ ಇವರ ಕನ್ನಡಕದ ಅಂಗಡಿಗೆ ಹೋದೆ. ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ ಕೆಲಸದ ದಿನ ಹೀಗೆ ಹೋದದ್ದಿಲ್ಲ. ಯಾರೋ ಸತ್ತಿದ್ದಾರೆ ಎಂದುಕೊಂಡು ಇವರು ಎದ್ದು ನಿಂತರು.

"ರೀ, ನೀವು ಯಾವತ್ತಾದ್ರೂ ಯಾರಿಗಾದ್ರೂ ತಪ್ಪು ಕನ್ನಡಕ ಕೊಟ್ಟಿದೀರಾ?"

ಇವರು ಅಂಗಡಿಯ ಬಾಗಿಲ ಕಡೆ ಒಮ್ಮೆ ನೋಡಿದರು. "ಒಂದ್ಸಲ. ಒಬ್ಬ ಮೇಷ್ಟ್ರು. ಎಡದ ಗಾಜು ಬಲಕ್ಕೆ, ಬಲದ್ದು ಎಡಕ್ಕೆ ಹಾಕ್ಬಿಟ್ಟಿದ್ದೆ. ಪಾಪ, ಮೂರು ತಿಂಗಳು ಹಾಕ್ಕೊಂಡು ಓಡಾಡಿದಾರೆ."

"ಆಮೇಲೆ?"

"ಬಂದಾಗ ನೋಡ್ದೆ. ಒಳಗೆ ತಗೊಂಡ್ಹೋಗಿ ಬದಲಾಯಿಸಿ ಕೊಟ್ಟೆ."

"ತಪ್ಪು ನಿಮ್ದು ಅಂತ ಹೇಳಿದ್ರಾ?"

"ಇಲ್ಲ ಕಣೇ. ಚೆನ್ನಾಗಿ ಒರೆಸಿ ಕೊಟ್ಟಿದೀನಿ ಅಂದೆ." ಬಟ್ಟೆ ತೆಗೆದುಕೊಂಡು ಒರೆಸಿದ್ದ ಗಾಜನ್ನೇ ಮತ್ತೆ ಒರೆಸತೊಡಗಿದರು. "ಅಷ್ಟರಲ್ಲಿ ಅವರು ಪಾಠ ಹೇಳೋದು ಬಿಟ್ಬಿಟ್ಟಿದ್ರು. ಕಣ್ಣು ಹೋಯ್ತು ಅಂತ. ಇವತ್ತಿಗೂ ದಾರೀಲಿ ಸಿಕ್ಕಿದ್ರೆ, ನನ್ನ ಕಣ್ಣೇ ನೆಟ್ಟಗಿಲ್ಲ ಅಂತಾರೆ. ನಾನು ಬೇರೆ ಮಾತು ತೆಗೀತೀನಿ."

ಯಾಕೆ ಕೇಳಿದೆ ಎಂದು ಇವರು ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆನೋ ಏನೋ. ಮಧ್ಯೆ ಬಾಯಿ ಹಾಕುವವರಲ್ಲ ಇವರು, ಮೊದಲಿನಿಂದಲೂ.

ಮಾರ್ಚ್ 20, ಗುರುವಾರ

ಟಪಾಲು ವಿಭಾಗದ ಮುಂದೆ ಹಾದುಹೋಗುವ ಕೆಲಸ ನನಗೆ ಇರಲಿಲ್ಲ. ಹಾದುಹೋದೆ.

ನೀರಕ್ಕ ಲಕೋಟೆಗಳ ರಾಶಿಯ ಹಿಂದೆ ಕೂತಿದ್ದರು. ಅಂಟಿಸಿದ ಲಕೋಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಳಗೆ ಕಾಗದ ಇದೆಯೇ ಎಂದು ನೋಡಿ, ಕೆಳಗಿಟ್ಟು, ಮತ್ತೆ ಅದನ್ನೇ ಎತ್ತಿ ನೋಡುತ್ತಿದ್ದರು. ನನ್ನನ್ನು ಕಂಡು ಎದ್ದು ನಿಂತರು. ಕೂರಿ ಎಂದೆ. ಈ ಸಲ ಕೂತರು.

"ಮೇಡಂ, ಒಂದು ಮಾತು ಕೇಳ್ಲಾ? ನೀವು ತಿಳಿದೋರು. ಮನುಷ್ಯರಿಗೆ ಮಾಡದೇ ಇರೋದನ್ನ ಮಾಡ್ದೆ ಅಂತ ಅನ್ಸುತ್ತಾ? ಕಣ್ಣಿಗೆ ಕಟ್ಟಿದ ಹಂಗೆ?"

ನಾನು ರಾಶಿಯಿಂದ ಒಂದು ಲಕೋಟೆ ಎತ್ತಿ ನೇರವಾಗಿಟ್ಟೆ.

"ಮನೇಲಿ ಯಜಮಾನ್ರು ಮೊದಮೊದಲು ನನ್ನ ಪರ ಇದ್ರು. ಪರೀಕ್ಷೆ ವಿಷಯ ಕೇಳಿದ್ಮೇಲೆ, ನೀನು ಮರೆತಿರ್ಬೇಕು ಬಿಡು, ವಯಸ್ಸಾಯ್ತು ಅಂದ್ರು. ಮಗಳೂ ಹಂಗೇ ಅಂದ್ಲು, ಪ್ರೀತಿಯಿಂದಾನೇ. ಬೆಳಿಗ್ಗೆ ಗ್ಯಾಸ್ ಆರಿಸಿದೀನಾ ಅಂತ ದಾರಿಯಿಂದ ಎರಡು ಸಲ ವಾಪಸ್ ಹೋದೆ ಮೇಡಂ. ಆರಿಸಿದ್ದೆ. ಎರಡು ಸಲಾನೂ ಆರಿಸಿದ್ದೆ."

ಹನ್ನೊಂದು ವರ್ಷ ಈ ಹೆಂಗಸು ಇಡೀ ಊರಿನ ಯಾವ ವಾಲ್ವ್ ಎಷ್ಟು ಸುತ್ತು ತಿರುಗಿದೆ ಎಂದು ಬಾಯಿಪಾಠ ಹೇಳುತ್ತಿದ್ದರು. ನನಗೆ ನಾಚಿಕೆಯಾಯಿತು. ಇದನ್ನು ಬೇರೆ ಪದದಲ್ಲಿ ಬರೆಯಲು ಪ್ರಯತ್ನಪಟ್ಟೆ, ಆಗಲಿಲ್ಲ.

ಕೋಣೆಗೆ ಬಂದು ಬೀರು ತೆಗೆದು, ಹಳೆಯ ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿ ಚೀಲದಲ್ಲಿಟ್ಟುಕೊಂಡೆ. ಇಟ್ಟುಕೊಂಡಿದ್ದೇನೆ, ಅಷ್ಟೇ.

ಮಾರ್ಚ್ 23, ಭಾನುವಾರ

ಚೀಲ ತೆಗೆದು ನೋಡಿದೆ. ಇದೆ. ನೌಕರಿ ಹೋದರೆ ಏನು ಮಾಡುವುದು ಎಂದು ಯೋಚಿಸಿದೆ. ನನಗೆ ಬೇರೆ ಕೆಲಸ ಬರುವುದಿಲ್ಲ. ನೀರಕ್ಕನಿಗಾದರೆ ವಾಲ್ವ್ ತಿರುಗಿಸಲು ಬರುತ್ತದೆ.

ಅತ್ತೆ ಸಂಜೆ, "ಏನಮ್ಮಾ, ಚೀಲದಲ್ಲಿ ಮರಿಗಿರಿ ಸಾಕಿದೀಯಾ? ಬೆಳಿಗ್ಗೆಯಿಂದ ಆರು ಸಲ ಇಣುಕಿ ನೋಡಿದೀಯ" ಎಂದರು.

ಮಾರ್ಚ್ 24, ಸೋಮವಾರ

ಇದನ್ನು ಕ್ರಮವಾಗಿ ಬರೆಯುತ್ತೇನೆ.

ಅಧಿಕಾರಿ ಪೆನ್ಸಿಲ್ ಜೋಡಿಸಿದರು. ಮೊದಲು ದೊಡ್ಡ ಇಂಜಿನಿಯರ್ ಮಾತು. ಆಮೇಲೆ ನೀರಕ್ಕ, ಆಮೇಲೆ ನಾನು ಎಂದು ಪಟ್ಟಿ ಮಾಡಿದ್ದರು. ಇಂಜಿನಿಯರ್ ಕಚೇರಿಯ ಮರ್ಯಾದೆ ಬಗ್ಗೆ ಎಂಟು ನಿಮಿಷ ಮಾತಾಡಿದರು. ನನ್ನ ಸರದಿ ಬಂದಾಗ ಹೇಳುವುದೋ ಬೇಡವೋ ನೋಡೋಣ ಎಂದುಕೊಂಡಿದ್ದೆ. ಆಮೇಲೆ ನೋಡೋಣ ಎನ್ನುವುದು ನನ್ನ ಹಳೆಯ ಚಾಳಿ.

ನೀರಕ್ಕ ಎದ್ದರು. ಕೈಯಲ್ಲಿ ಒಂದು ಚೀಟಿ ಇತ್ತು, ಮಗಳು ಬರೆದುಕೊಟ್ಟಿರಬೇಕು. ಅದನ್ನು ಓದಲಿಲ್ಲ.

"ಸಾರ್, ಮೂರೂ ಟೈಪ್ ಮಾಡಿದೀನಿ ಅಂತ ಇಷ್ಟು ದಿನ ಹೇಳ್ತಾ ಬಂದೆ. ಈಗ ನಂಗೇ ಗೊತ್ತಾಗ್ತಿಲ್ಲ. ಮಾಡಿಲ್ವೇನೋ. ಆ ಪೋಸ್ಟ್‌ಮ್ಯಾನ್ ಮನೆಗೆ ಹೋಗಿ ಕ್ಷಮೆ ಕೇಳ್ಕೊಂಡು ಬಂದೆ. ಒಂದೇ ಟೈಪ್ ಮಾಡಿದೀನಿ, ಮಿಕ್ಕಿದ್ದು ಮರ್ತೆ ಅಂತ ಬರ್ಕೊಳಿ. ಎಲ್ಲಿ ಸೈನ್ ಹಾಕ್ಬೇಕು?"

ಟೈಪಿಸ್ಟ್ ಟೈಪ್ ಮಾಡಲು ಶುರುಮಾಡಿದ.

"ಬರೀಬೇಡಿ" ಎಂದೆ.

"ಮೇಡಂ, ನಿಮ್ಮ ಸರದಿ ಇನ್ನೂ ಬಂದಿಲ್ಲ" ಎಂದರು ಅಧಿಕಾರಿ.

"ಗೊತ್ತು ಸಾರ್. ಬರೀಬೇಡಿ. ಅವರು ಮೂರೂ ಟೈಪ್ ಮಾಡಿದಾರೆ."

ದೊಡ್ಡ ಇಂಜಿನಿಯರ್ ಮೇಜಿನ ಕೆಳಗೆ ನನ್ನ ಕಾಲು ತುಳಿದರು. ಅವರದು ಬೂಟು. ನಾನು ಎದ್ದು, ಪೆನ್‌ಡ್ರೈವ್ ಹಾಕಿ, ಮಾರ್ಚ್ ಮೂರರಂದು ಇದ್ದ ಪ್ರತಿಯನ್ನು ತೆರೆದೆ. ನೀರಕ್ಕನನ್ನು ಕರೆದು, ಅವತ್ತು ಹೇಗೆ ಮಾಡಿದ್ರೋ ಹಾಗೇ ಮಾಡಿ ಎಂದೆ. ಎರಡು ಬೆರಳು. ಬಿಡು ಡಯಾಲಿಸಿಸ್. ಬಿಡು ಶಾಲೆ. ಬಿಡು ಅಗ್ನಿಶಾಮಕ.

ಪರದೆಯ ಮೇಲೆ: 'ಬಿಡು: ಅಗ್ನಿಶಾಮಕ.'

ಅಧಿಕಾರಿ ತಾವೇ ಎದ್ದು ಬಂದು ಇನ್ನೊಂದು ಸಲ ಟೈಪ್ ಮಾಡಿದರು, ಹೆಸರುಗಳ ಕ್ರಮ ಬದಲಾಯಿಸಿ. ಕೊನೆಗೆ ಶಾಲೆ ಎಂದು ಕೊಟ್ಟರು. ಶಾಲೆ ಮಾತ್ರ ಉಳಿಯಿತು.

ಆಮೇಲೆ ನಾನು ಹೇಳಿದೆ. ಒಂಬತ್ತು ವರ್ಷದ ಹಿಂದಿನ ಟಿಪ್ಪಣಿ ತೋರಿಸಿದೆ. ಮಾರ್ಚ್ ಐದಕ್ಕೇ ಗೊತ್ತಿತ್ತು ಎಂದೆ. ಏಳಕ್ಕೆ ಯಾರಿಗೂ ಹೇಳದೆ ಬದಲಾಯಿಸಿದೆ ಎಂದೆ. ಹದಿಮೂರಕ್ಕೆ ಇದೇ ಕುರ್ಚಿಯಲ್ಲಿ ಕೂತು ಸುಮ್ಮನಿದ್ದೆ ಎಂದೆ. ಅಧಿಕಾರಿ ಒಂದೊಂದಕ್ಕೂ "ಇಷ್ಟೇನಾ?" ಎಂದು ಕೇಳುತ್ತಿದ್ದರು, ಇನ್ನೊಂದಿದೆ ಸಾರ್ ಎನ್ನುತ್ತಿದ್ದೆ. ಟೈಪಿಸ್ಟನಿಗೆ ಎಲ್ಲವನ್ನೂ ಬರೆದುಕೊಳ್ಳಿ, ಯಾವುದನ್ನೂ ಬಿಡಬೇಡಿ ಎಂದೆ. ಅವನು ಹೊಸ ಹಾಳೆ ಹಾಕಿದ.

ನೀರಕ್ಕ ನನ್ನನ್ನಾಗಲಿ ಅಧಿಕಾರಿಯನ್ನಾಗಲಿ ನೋಡಲಿಲ್ಲ. ಪರದೆಯ ಮೇಲೆ ತಾವು ಟೈಪ್ ಮಾಡಿದ್ದ ಸಾಲಿನ ಮೇಲೆ ಬೆರಳಿಟ್ಟು, ಒಂದು, ಎರಡು, ಮೂರು ಎಂದು ತುಟಿಯಲ್ಲೇ ಎಣಿಸುತ್ತಿದ್ದರು.

"ಮೇಡಂ, ಇದು ತಾನು ಏನು ಕೇಳಿಸ್ಕೊಂಡೆ ಅಂತ ಮುಚ್ಚೋಕೆ ಮುಂಚೆ ಒಂದ್ಸಲ ನಂಗೆ ಹೇಳಿದ್ರೆ ಸಾಕಿತ್ತಲ್ಲ" ಎಂದರು.

ಸಾಕಿತ್ತು ಎಂದೆ. ಹದಿನಾಲ್ಕನೇ ಪುಟದಲ್ಲಿ ಇದಕ್ಕೆ ಉತ್ತರವಿಲ್ಲ.

ಹೊರಗೆ ಮೆಟ್ಟಿಲ ಹತ್ತಿರ ಕ್ಷಮಿಸಿ ಎನ್ನಲು ಬಾಯಿ ತೆರೆದೆ. ಆಕೆ ಕೈ ಅಡ್ಡ ಹಿಡಿದರು. "ಅದೆಲ್ಲ ಆಮೇಲೆ. ಮೊದಲು ಇದು ಹೇಳಿ. ಮೂರೂ ಟೈಪ್ ಮಾಡಿದ್ದೆ ತಾನೇ?"

"ಮೂರೂ ಮಾಡಿದ್ರಿ."

ತಲೆಯಾಡಿಸಿ ಇಳಿದು ಹೋದರು. ಕೆಳಗಿನ ಮೆಟ್ಟಿಲಿನಿಂದ ವಾಪಸ್ ಬಂದು ಇನ್ನೊಂದು ಸಲ ಕೇಳಿದರು.

ಮಾರ್ಚ್ 25, ಮಂಗಳವಾರ

ಮನೆಯಲ್ಲಿ ಹೇಳಿದೆ. ಅತ್ತೆ ಪೂರ್ತಿ ಕೇಳಿಸಿಕೊಂಡು, "ನಿನ್ನ ಪ್ರೋಗ್ರಾಮಿಗಿಂತ ನನ್ನ ಮಗನೇ ವಾಸಿ" ಎಂದರು. ಇವರು ಏನೂ ಹೇಳದೆ ಚಪ್ಪಲಿ ಮೆಟ್ಟಿಕೊಂಡು ಹೊರಟರು. ಎಲ್ಲಿಗೆ ಎಂದರೆ, ಮೇಷ್ಟ್ರ ಮನೆಗೆ ಎಂದರು.

ಏಪ್ರಿಲ್ 1, ಮಂಗಳವಾರ

ಆದೇಶ ಬಂತು. ಇವತ್ತಿನ ತಾರೀಖು ನೋಡಿ ಯಾರೋ ತಮಾಷೆ ಮಾಡಿದ್ದಾರೆ ಎಂದುಕೊಂಡಿದ್ದೆ, ಮೊಹರಿತ್ತು.

ನೀರಕ್ಕನ ಮೇಲಿನ ಆರೋಪ ಪೂರ್ತಿ ಕೈಬಿಟ್ಟಿದ್ದಾರೆ. ಕಾಯಂ ಪಟ್ಟಿಯಲ್ಲಿ ಹೆಸರಿದೆ. ನಾಳೆಯಿಂದ ಕಂಟ್ರೋಲ್ ರೂಮಿಗೆ ವಾಪಸ್. ನನ್ನ ನೌಕರಿ ಹೋಗಿಲ್ಲ. ಪ್ರೋಗ್ರಾಂ ಮುಟ್ಟಬಾರದು, ಒಂದು ವರ್ಷ ಟಪಾಲು ವಿಭಾಗ. ಮುಚ್ಚುವ ಮೊದಲು ಹೆಸರುಗಳನ್ನು ಓದಿ ಹೇಳಿ ಒಪ್ಪಿಗೆ ಕೇಳುವ ಹಾಗೆ ಪ್ರೋಗ್ರಾಂ ಬದಲಾಯಿಸಲು ಹೊರಗಿನವರು ಬರುತ್ತಾರೆ. ಕೈಪಿಡಿಯನ್ನೂ ಅವರೇ ಹೊಸದಾಗಿ ಬರೆಯುತ್ತಾರಂತೆ. ಎಷ್ಟು ಪುಟ ಎಂದು ವಿಚಾರಿಸಲಿಲ್ಲ.

ಏಪ್ರಿಲ್ 4, ಶುಕ್ರವಾರ

ಲಕೋಟೆ ಅಂಟಿಸುವುದು ನಾನು ಅಂದುಕೊಂಡಷ್ಟು ಸುಲಭವಲ್ಲ. ಕ್ಷಮೆ ಕೇಳಲು ನಿನ್ನೆ ಊಟದ ಹೊತ್ತಿಗೆ ಮೇಲೆ ಕಂಟ್ರೋಲ್ ರೂಮಿಗೆ ಹೋಗಿದ್ದೆ. ನೀರಕ್ಕ ಒಂದು ಕುರ್ಚಿ ಎಳೆದು ಕೊಟ್ಟರು. ಕ್ಷಮಿಸಿದೆ ಎಂದು ಹೇಳಲಿಲ್ಲ. ಕ್ಷಮಿಸಿದ್ರಾ ಎಂದು ಕೇಳಬೇಕೆಂದು ನನಗೂ ಅನ್ನಿಸಲಿಲ್ಲ.

ಏಪ್ರಿಲ್ 9, ಬುಧವಾರ

ಹತ್ತು ಗಂಟೆಗೆ ಟಪಾಲು ವಿಭಾಗದ ಫೋನ್ ಹೊಡೆದುಕೊಂಡಿತು. ಕಂಟ್ರೋಲ್ ರೂಮಿನಿಂದ.

"ಮೇಡಂ, ಹನ್ನೆರಡನೇ ವಲಯ ಮುಚ್ಬೇಕು. ನಾಲ್ಕು ಕಡೆ ಬಿಡ್ಬೇಕು. ಟೈಪ್ ಮಾಡಿದೀನಿ. ಹೊಸ ಪ್ರೋಗ್ರಾಂ ಓದಿ ಹೇಳ್ತು, ನಾಲ್ಕೂ ಸರಿಯಾಗಿದೆ. ಹೂಂ ಅಂದ್ರೆ ಮುಚ್ಚುತ್ತೆ."

"ಸರಿ ಇದೆಯಲ್ಲ. ಹೂಂ ಅನ್ನಿ."

ನಾನು ಕಾದೆ. ಕೈಯಲ್ಲಿದ್ದ ಲಕೋಟೆಯ ಗೋಂದು ಒಣಗಿತು.

"ಮೇಡಂ... ಅವತ್ತು ಮೂರೂ ಟೈಪ್ ಮಾಡಿದ್ದೆ ಅಲ್ವಾ?"

ಈ ವಾರದಲ್ಲಿ ಇದು ಐದನೇ ಸಲ.

"ಮೂರೂ ಮಾಡಿದ್ರಿ ಅಕ್ಕ. ಡಯಾಲಿಸಿಸ್ ಮಾಡಿದ್ರಿ. ಶಾಲೆ ಮಾಡಿದ್ರಿ. ಅಗ್ನಿಶಾಮಕ ಮಾಡಿದ್ರಿ."

ಆಕೆ ಉಸಿರು ಬಿಟ್ಟದ್ದು ಕೇಳಿಸಿತು. ಆಮೇಲೆ ಕೀಲಿಮಣೆಯ ಒಂದು ಸದ್ದು.